ದಿನಕ್ಕೆ ಎರಡು ಆರು ಗಂಟೆ

ಗಡಿಯಾರದಲ್ಲಿ ದಿನಕ್ಕೆ ಎರಡು ಸಲ ಆರು ಗಂಟೆ ಬರುವಂತೆ ಮಾಡಿದ ಮಹಾನುಭಾವ ಯಾರೇ ಇರಲಿ, ಅವನು ಕಾಗದದ ಮಿಲ್ಲಿನಲ್ಲಿ ಒಂದು ದಿನವೂ ದುಡಿದವನಲ್ಲ ಎಂಬುದು ರೊಸೇರ್ ಥೀಬೋನ ದೃಢವಾದ ಅಭಿಪ್ರಾಯವಾಗಿತ್ತು.

ಮೇಯ್ನ್ ರಾಜ್ಯದ ಉತ್ತರದಲ್ಲಿ, ನದಿಯ ದಂಡೆಯ ಮಿಲ್ಲೊಂದರಲ್ಲಿ ಅವನು ಇಪ್ಪತ್ತಮೂರು ವರ್ಷದಿಂದ ಮೂರನೇ ನಂಬರಿನ ಯಂತ್ರವನ್ನು ನೋಡಿಕೊಳ್ಳುತ್ತಿದ್ದ. ಬೆಳಗಿನ ಆರರಿಂದ ಸಂಜೆ ಆರರವರೆಗೆ ಹಗಲುಪಾಳಿ, ಸಂಜೆ ಆರರಿಂದ ಬೆಳಗಿನ ಆರರವರೆಗೆ ರಾತ್ರಿಪಾಳಿ. ಎರಡು ರಾತ್ರಿ ದುಡಿಮೆ, ನಡುವೆ ಒಂದು ದಿನ ಬಿಡುವು, ಆಮೇಲೆ ಎರಡು ಹಗಲು ದುಡಿಮೆ, ಮೂರು ದಿನ ರಜೆ, ಮತ್ತೆ ಮೊದಲಿನಿಂದ. ಹೀಗೆ ಪಾಳಿ ತಿರುಗಿ ತಿರುಗಿ ಅವನ ಬಾಳು ಪಾಳುಬಿದ್ದಿತ್ತು. ಮಿಲ್ಲಿನ ಯಂತ್ರವನ್ನಾದರೂ ವರ್ಷಕ್ಕೊಮ್ಮೆ ನಿಲ್ಲಿಸಿ ಎಣ್ಣೆ ಹಾಕುತ್ತಿದ್ದರು. ಅವನನ್ನು ನಿಲ್ಲಿಸುವವರೂ ಇರಲಿಲ್ಲ, ಎಣ್ಣೆ ಹಾಕುವವರೂ ಇರಲಿಲ್ಲ.

ಹಗಲು ಮಲಗುವುದಕ್ಕೆ ಅವನು ಮಾಡದ ತಪಸ್ಸಿಲ್ಲ. ಮಲಗುವ ಕೋಣೆಯ ಕಿಟಕಿಗೆ ಅಡಿಗೆಮನೆಯ ಬೆಳ್ಳಿಕಾಗದ ಅಂಟಿಸಿದ. (ಬೀದಿಯವರು ಒಳಗೇನೋ ಬೇಯುತ್ತಿದೆ ಎಂದುಕೊಂಡರು.) ಕಿವಿಗೆ ಹತ್ತಿ ತುರುಕಿದ. ಟೆಲಿಫೋನನ್ನು ಒಲೆಯೊಳಗಿಟ್ಟು ಬಾಗಿಲು ಹಾಕಿದ. ಅವನು ಕಣ್ಣು ಮುಚ್ಚಿದ್ದೇ ತಡ, ಎದುರುಮನೆಯವನು ಅಂಗಳದ ಹಿಮ ಬಾಚಿ ಎಸೆಯುವ ಯಂತ್ರವನ್ನು ಗುರ್ರೆನಿಸುತ್ತಿದ್ದ. ಡಾಕ್ಟರ ಬಳಿ ಹೋದರೆ ಅವರು ಗಂಭೀರವಾಗಿ, "ದಿನಾ ಒಂದೇ ಹೊತ್ತಿಗೆ ಮಲಗಬೇಕು" ಎಂದರು. ರೊಸೇರ್ ಫೀಸು ಕೊಟ್ಟು ಎದ್ದು ಬಂದ.

ಹೆಂಡತಿ ಸೊಲಾಂಜ್ ಶಾಲೆಯೊಂದರ ಅಡಿಗೆಮನೆಯಲ್ಲಿ ಹಗಲು ಕೆಲಸ ಮಾಡುತ್ತಿದ್ದಳು. ಅವನು ಬರುವಾಗ ಅವಳು ಹೋಗುತ್ತಿದ್ದಳು, ಅವಳು ಬರುವಾಗ ಅವನು ಗೊರಕೆ ಹೊಡೆಯುತ್ತಿದ್ದ, ಇಲ್ಲವೇ ಗೊರಕೆ ಬಾರದೆ ಸೂರು ನೋಡುತ್ತಿದ್ದ. ಅವರ ದಾಂಪತ್ಯ ನಡೆಯುತ್ತಿದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳ ಮೇಲೆ. "ಸೂಪ್ ಇದೆ. ಬಿಸಿ ಮಾಡ್ಕೊ." "ಕೊಳಾಯಿ ಸೋರ್ತಿದೆ." "ಕೊಳಾಯಿ ಇನ್ನೂ ಸೋರ್ತಿದೆ." ಹಿಂದಿನ ವರ್ಷ ಮದುವೆಯ ಬೆಳ್ಳಿಹಬ್ಬದ ದಿನವೂ ಚೀಟಿಯೇ: "ಇಪ್ಪತ್ತೈದು ಆಯ್ತು. ಸೂಪ್ ಇದೆ."

ಡಿಸೆಂಬರಿನಲ್ಲಿ ಸೊಲಾಂಜಳ ತಾಯಿ ಎಗ್ಜಿಲ್ಡಾಗೆ ಎಂಬತ್ತು ತುಂಬುವುದಿತ್ತು. ಶನಿವಾರ ಸಂಜೆ ಏಳಕ್ಕೆ ಚರ್ಚಿನ ಹಾಲ್‌ನಲ್ಲಿ ಊಟ, ಹಾಡು, ಕುಣಿತ. ಒಂದು ವಾರ ಮೊದಲೇ ಸೊಲಾಂಜ್ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಚೀಟಿ ಬರೆಯದೆ ಬಾಯಲ್ಲೇ ಹೇಳಹೊರಟಿದ್ದಾಳೆ ಎಂದರೆ ವಿಷಯ ಗಂಭೀರ ಎಂದು ಅವನಿಗೆ ಆಗಲೇ ತಿಳಿಯಿತು.

"ಮಗಳು ಪಾಸಾದ ದಿನ ಶಾಲೆಯ ಸಭೇಲಿ ಮೂರನೇ ಸಾಲಲ್ಲಿ ಬಾಯ್ತೆರೆದು ನಿದ್ದೆ ಹೊಡೆದೆ. ಫೋಟೋದಲ್ಲೂ ಬಿದ್ದಿದ್ದೀಯ."

"ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದೆ."

"ನನ್ನ ತಮ್ಮನ ಮದುವೆಗೆ ಮಾರನೇ ದಿನ ಹೋದೆ."

"ಒಂದು ದಿನ ಹೆಚ್ಚುಕಮ್ಮಿ ಆಯ್ತು. ಉಡುಗೊರೆ ತಗೊಂಡೇ ಹೋಗಿದ್ನಲ್ಲ."

"ಅಮ್ಮನಿಗೆ ಇನ್ನೊಂದು ಸಲ ಎಂಬತ್ತಾಗಲ್ಲ ರೊಸೇರ್. ಶನಿವಾರ ನೀನು ಬರ್ಲಿಲ್ಲ ಅಂದ್ರೆ ನಾನು ಅವಳ ಮನೆಗೇ ಹೋಗ್ಬಿಡ್ತೀನಿ. ಚೀಟಿ ಬರೆಯೋಕೆ ಯಾರಾದ್ರೂ ಸಿಗ್ತಾರೆ ನಿಂಗೆ."

ಅವಳ ದನಿ ಏರಿರಲಿಲ್ಲ. ಅದಕ್ಕೇ ರೊಸೇರ್ ಎದ್ದು ಗೋಡೆಯ ಮೇಲಿನ ಪಾಳಿಪಟ್ಟಿ ನೋಡಿದ. ಶನಿವಾರ ಅವನಿಗೆ ಹಗಲುಪಾಳಿ. ಸಂಜೆ ಆರಕ್ಕೆ ಬಿಟ್ಟರೆ ಏಳಕ್ಕೆ ಹಾಲ್‌ನಲ್ಲಿರಬಹುದು. "ಸತ್ತರೂ ಬರ್ತೀನಿ" ಎಂದ. "ಬದುಕಿದ್ದು ಬಾ, ಸಾಕು" ಎಂದಳು.

ಶುಕ್ರವಾರ ಬೆಳಗ್ಗೆ ಆರಕ್ಕೆ ಅವನ ರಾತ್ರಿಪಾಳಿಗಳು ಮುಗಿದವು. ಮನೆಗೆ ಬಂದು ಮಲಗಿದ. ಏಳಾಯಿತು, ಒಂಬತ್ತಾಯಿತು, ಹನ್ನೊಂದಾಯಿತು. ಎದುರುಮನೆಯವನು ತನ್ನ ಅಂಗಳದ ಹಿಮ ಮುಗಿಸಿ, ಪುಣ್ಯಕ್ಕೆ ಇರಲೆಂದು ಪಕ್ಕದವರದ್ದನ್ನೂ ತೆಗೆದ. ಮಧ್ಯಾಹ್ನ ಒಂದರ ಹೊತ್ತಿಗೆ ರೊಸೇರ್ ಅಳುವುದೊಂದು ಬಾಕಿಯಿತ್ತು. ಎದ್ದು, ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಿದ್ದ ನಿದ್ದೆಗುಳಿಗೆ ನುಂಗಿದ. ನಿದ್ರಾದೇವಿ ಆಗ ಒಲಿದಳು.

ಕಣ್ಣು ಬಿಟ್ಟಾಗ ಕೋಣೆಯೆಲ್ಲ ಕತ್ತಲು. ಗಡಿಯಾರದಲ್ಲಿ ಐದೂ ಕಾಲು. ಹೊರಗೂ ಕಗ್ಗತ್ತಲು. ಹಾಸಿಗೆಯಲ್ಲಿ ಹೆಂಡತಿ ಇಲ್ಲ. ಅಡಿಗೆಮನೆಗೆ ಹೋದರೆ ಚೀಟಿ: "ಅಮ್ಮನ ಮನೇಲಿ ಪಾರ್ಟಿಗೆ ಪೈ ಬೇಯಿಸ್ತಿದ್ದೀನಿ, ರಾತ್ರಿ ಅಲ್ಲೇ ಮಲಗ್ತೀನಿ. ನಾಳೆ ನೇರ ಹಾಲ್‌ಗೆ ಬಾ."

ರೊಸೇರ್ ಲೆಕ್ಕ ಹಾಕಿದ. ಚೀಟಿ ನಿನ್ನೆ ಬರೆದದ್ದು, ಆದ್ದರಿಂದ ನಾಳೆ ಎಂದರೆ ಇವತ್ತು. ತಾನು ಹದಿನಾರು ಗಂಟೆ ಮಲಗಿದ್ದೇನೆ, ಈಗ ಶನಿವಾರ ಬೆಳಗಿನ ಐದೂ ಕಾಲು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ, ಹೊರಗಿನ್ನೂ ಶುಕ್ರವಾರ ಸಂಜೆಯಾಗಿತ್ತು ಎಂಬುದನ್ನು ಬಿಟ್ಟರೆ. (ಆ ಕಡೆ ಡಿಸೆಂಬರಿನಲ್ಲಿ ಸೂರ್ಯ ಏಳಕ್ಕೆ ಬಂದು ನಾಲ್ಕಕ್ಕೇ ಮನೆಗೆ ಹೋಗುತ್ತಾನೆ. ಇಡೀ ಊರಿನಲ್ಲಿ ಸುಖದ ನೌಕರಿ ಅವನೊಬ್ಬನದೇ.) ಹದಿನಾರು ಗಂಟೆ ಮಲಗಿಯೂ ಮೈ ಹೆಣಭಾರವಾಗಿತ್ತು. ಗುಳಿಗೆಯ ಮಹಿಮೆ ಎಂದುಕೊಂಡು ಬುತ್ತಿ ಕಟ್ಟಿಕೊಂಡು ಹೊರಟ.

ಮಿಲ್ಲಿನ ಬಾಗಿಲಲ್ಲೇ ಮೇಸ್ತ್ರಿ ಕಾಬರ್ನ್ ಅವನ ಹೆಗಲು ತಟ್ಟಿದ. "ಬಂದ್ಯಾ? ದೇವರು ಕಳಿಸಿದ ಹಾಗೆ ಬಂದೆ. ಇಬ್ಬರು ಜ್ವರ ಅಂತ ಬಂದೇ ಇಲ್ಲ."

"ನನ್ನ ಪಾಳಿಗೆ ನಾನು ಬರ್ದೆ ಇನ್ಯಾರು ಬರ್ತಾರೆ" ಎಂದ ರೊಸೇರ್. ಕಾಬರ್ನ್ ಇದನ್ನು ತಮಾಷೆ ಎಂದುಕೊಂಡು ನಕ್ಕ. ಯಂತ್ರದ ಬಳಿ ರಾತ್ರಿಪಾಳಿಯ ಫರ್ನಾನ್ ನಿಂತಿದ್ದ. ಪಾಪ, ಇವನೂ ಓವರ್‌ಟೈಮ್‌ಗೆ ಹಗಲೂ ಬಂದಿದ್ದಾನೆ ಎಂದು ರೊಸೇರ್ ಮರುಗಿದ. ಪಾಪ, ಇವನೂ ಓವರ್‌ಟೈಮ್‌ಗೆ ರಾತ್ರಿಯೂ ಬಂದಿದ್ದಾನೆ ಎಂದು ಫರ್ನಾನ್ ಮರುಗಿದ. ಕಿಟಕಿಯೇ ಇಲ್ಲದ ಆ ಕಟ್ಟಡದಲ್ಲಿ ಗಡಿಯಾರದ ಮುಳ್ಳುಗಳು ಎಂದಿನಂತೆ ತಿರುಗಿದವು. ಹನ್ನೆರಡಕ್ಕೆ ಎಲ್ಲರೂ ಬುತ್ತಿ ಬಿಚ್ಚಿದರು. ಎರಡರ ಹೊತ್ತಿಗೆ ಫರ್ನಾನ್ ಯಂತ್ರದ ಸದ್ದಿನ ಮೇಲೆ ಕೂಗಿ ಕೇಳಿದ:

"ನಿಮ್ಮತ್ತೆ ಪಾರ್ಟಿ ಇವತ್ತೇ ಅಲ್ವಾ?"

"ಹೂಂ, ಇವತ್ತೇ ಸಂಜೆ. ನೀನೂ ಬರ್ತೀಯಲ್ಲ?"

"ಬರ್ದೆ ಏನು. ನನ್ನ ಹೆಂಡ್ತಿ ಹೊಸ ಕೋಟು ತಗೊಂಡಿದ್ದಾಳೆ, ಊರಿಗೆ ತೋರಿಸ್ಬೇಕಂತೆ."

ಇಬ್ಬರೂ ಹೇಳಿದ್ದು ಅಕ್ಷರಶಃ ಸತ್ಯ. ಸತ್ಯ ನುಡಿದವರು ಕೆಡುವುದಿಲ್ಲ ಎಂದು ಹೇಳಿದವರೂ ಪಾಳಿಯಲ್ಲಿ ದುಡಿದವರಲ್ಲ.

ಆರು ಹೊಡೆಯಿತು. ರೊಸೇರ್ ಹಾರಿಕೊಂಡು ಹೊರಬಿದ್ದ. ಕತ್ತಲೆ. ಬೆಳಗ್ಗೆ ಬಂದಾಗಲೂ ಕತ್ತಲೆ, ಸಂಜೆ ಹೋಗುವಾಗಲೂ ಕತ್ತಲೆ, ಎಂಥ ಹಣೆಬರಹ ಎಂದು ನಿಟ್ಟುಸಿರು ಬಿಟ್ಟ. "ಸಂಜೆ ಸಿಗೋಣ" ಎಂದು ಫರ್ನಾನ್ ಕೂಗಿದ. "ಸಂಜೆ ಆಗ್ಹೋಯ್ತಲ್ಲೋ" ಎಂದು ರೊಸೇರ್ ಗೊಣಗಿಕೊಂಡು ಕಾರು ಹತ್ತಿದ. ಮನೆಗೆ ಬಂದು ಗಡ್ಡ ಹೆರೆದು, ನೀಲಿ ಸೂಟು ತೊಟ್ಟು, ಟೈ ಬಿಗಿದು, ಅತ್ತೆಗೆಂದು ತಂದಿಟ್ಟಿದ್ದ ಉಣ್ಣೆಯ ಶಾಲಿನ ಪೊಟ್ಟಣ ಹಿಡಿದು ಏಳಕ್ಕೆ ಹತ್ತು ನಿಮಿಷವಿರುವಾಗ ಹಾಲ್ ತಲುಪಿದ.

ಹಾಲ್‌ಗೆ ಬೀಗ. ಒಂದು ಕಾರಿಲ್ಲ, ಒಂದು ದೀಪವಿಲ್ಲ.

ರೊಸೇರ್ ಬೀಗ ಎಳೆದು ನೋಡಿದ. ಮತ್ತೆ ದಿನ ತಪ್ಪಿದೆನೇ? ಪಾರ್ಟಿ ನಿನ್ನೆಯೇ ಮುಗಿದುಹೋಯಿತೇ? ಸೊಲಾಂಜ್ ಆಗಲೇ ತಾಯಿಯ ಮನೆ ಸೇರಿದ್ದಾಳೆಯೇ? ಹಾಲ್‌ನ ಮೆಟ್ಟಿಲ ಮೇಲೆ ಹಿಮದಲ್ಲಿ ನಿಂತು ಅವನು ಸ್ವಲ್ಪ ಹೊತ್ತು ನಿಜಕ್ಕೂ ಅತ್ತ. ಆಮೇಲೆ ಕಾರನ್ನು ಅತ್ತೆಯ ಮನೆಗೆ ಓಡಿಸಿ ಬಾಗಿಲು ಬಡಿದ.

ರಾತ್ರಿಯುಡುಪಿನಲ್ಲಿ, ಕೂದಲಿಗೆ ಸುರುಳಿ ಕಟ್ಟಿಕೊಂಡು ಎಗ್ಜಿಲ್ಡಾ ಬಾಗಿಲು ತೆಗೆದಳು. ಸೂಟನ್ನು ನೋಡಿದಳು, ಟೈ ನೋಡಿದಳು.

"ಯಾರಾದ್ರೂ ಸತ್ರಾ?"

"ಕ್ಷಮಿಸಿ ಅತ್ತೆ. ಬರ್ಬೇಕು ಅಂತ್ಲೇ ಇದ್ದೆ. ತಡ ಆಗ್ಹೋಯ್ತು."

"ತಡ ಎಲ್ಲಿ ಬಂತು? ಬೆಳಗಿನ ಏಳು ಗಂಟೆ. ಪಾರ್ಟಿ ಸಂಜೆ ಅಲ್ವೇ ಅಳಿಯಂದ್ರೆ?"

ಅವಳ ಬೆನ್ನಿಗೆ ಸೊಲಾಂಜ್ ಕಣ್ಣುಜ್ಜಿಕೊಂಡು ಬಂದು ನಿಂತಳು. ಅವನು ತೊದಲುತ್ತ ಎಲ್ಲ ಹೇಳಿದ. ಹೇಳುತ್ತಾ ಹೋದಂತೆ ಅವನಿಗೂ ಅರ್ಥವಾಗುತ್ತಾ ಬಂತು. ಸೊಲಾಂಜ್ ಗೋಡೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು. "ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಮುಂಚೆ ಬಂದಿದ್ದೀಯ, ಒಳಗೆ ಬಾ" ಎಂದು ಅವನ ಮುಖದ ಹಿಮ ಒರೆಸಿದಳು. ರೊಸೇರನಿಗೆ ಸ್ವರ್ಗ ಮೂರೇ ಗೇಣು.

ಅಷ್ಟರಲ್ಲಿ ಟೆಲಿಫೋನು ಬಡಿದುಕೊಂಡಿತು. ಹಗಲುಪಾಳಿಯ ಮೇಸ್ತ್ರಿ ಅವನನ್ನು ಮನೆಯಲ್ಲಿ ಹುಡುಕಿ ಇಲ್ಲಿಗೆ ಫೋನ್ ಮಾಡಿದ್ದ.

"ರೊಸೇರ್, ಪಾಳಿಗೆ ಯಾಕೆ ಬಂದಿಲ್ಲ?"

"ಈಗ ತಾನೆ ಮುಗಿಸಿ ಬಂದೆ."

"ಅದು ನಿಂದಲ್ಲ, ಜ್ವರ ಬಂದವಂದು. ನಿಂದು ಈಗ ಶುರುವಾಯ್ತು. ಇಪ್ಪತ್ನಾಲ್ಕು ಗಂಟೆ ಒಂದೇ ಸಮ ದುಡಿಸೋದು ನಿಯಮದಲ್ಲಿಲ್ಲ, ಮಲ್ಕೊ. ಆದ್ರೆ ಗೈರುಹಾಜರಿ ಹಾಕ್ಲೇಬೇಕು ನೋಡು. ನಾಳೆ ಭಾನುವಾರ ಬೆಳಗ್ಗೆ ಆರಕ್ಕೆ ತಪ್ಪಿಸ್ಬೇಡ."

ಬೇಡದ ದಿನ ಹಾಜರಿ, ಬೇಕಾದ ದಿನ ಗೈರು. ರೊಸೇರ್ ಫೋನಿಟ್ಟು ಕುರ್ಚಿಗೆ ಕುಸಿದ. ಸೊಲಾಂಜ್ ಅವನನ್ನು ಎಬ್ಬಿಸಿ ತಾಯಿಯ ಕೋಣೆಗೆ ಕರೆದೊಯ್ದಳು. "ಹೋಗ್ಲಿ ಬಿಡು. ಸಂಜೆ ನಾಲ್ಕಕ್ಕೆ ಎಬ್ಬಿಸ್ತೀನಿ. ಸೂಟು ಸುಕ್ಕಾದ್ರೂ ಚಿಂತೆಯಿಲ್ಲ." ಅವನು ಸೂಟಿನಲ್ಲೇ ಹಾಸಿಗೆಗೆ ಬಿದ್ದ. ಆ ಕೋಣೆಯ ಹಿಂದೆ ಯಾರ ಅಂಗಳವೂ ಇರಲಿಲ್ಲ, ಬರೀ ಕಾಡು. ಗುಳಿಗೆ ಬೇಕಾಗಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಹಾಲ್‌ನಿಂದ ಸುದ್ದಿ ಬಂತು. ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದಿದ್ದವು, ಒಳಗೆ ಕೂರುವಂತಿರಲಿಲ್ಲ. ಪಾರ್ಟಿ ಎಗ್ಜಿಲ್ಡಾಳ ಮನೆಗೇ ಬರಬೇಕಾಯಿತು. ಮೇಜು ತರುವುದು, ಕುರ್ಚಿ ಬೇಡುವುದು, ಹಂದಿಮಾಂಸದ ಹನ್ನೆರಡು ಪೈ ಬಿಸಿ ಮಾಡುವುದು, ಸೊಲಾಂಜಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಆದರೂ ನಾಲ್ಕಕ್ಕೆ ಸರಿಯಾಗಿ ಹೋಗಿ ಗಂಡನನ್ನು ಅಲುಗಿಸಿದಳು. ಅವನು ಎದ್ದು ಕೂತು, ಕಣ್ಣು ಬಿಟ್ಟು, ಸ್ಪಷ್ಟವಾಗಿ, "ಎದ್ದೆ, ಹೋಗು, ಬಂದೆ" ಎಂದ. ಅವಳು ನಂಬಿ ಹೋದಳು. ಅವನು ಹಾಗೇ ಹಿಂದಕ್ಕೆ ಒರಗಿದ. ಎದ್ದದ್ದಾಗಲಿ ಮಾತಾಡಿದ್ದಾಗಲಿ ಅವನಿಗೆ ಇವತ್ತಿಗೂ ನೆನಪಿಲ್ಲ.

ಏಳಕ್ಕೆ ಜನ ಬಂದರು. ಬಂದವರ ಕೋಟುಗಳನ್ನು, ಆ ಊರಿನ ಪದ್ಧತಿಯಂತೆ, ಮಲಗುವ ಕೋಣೆಯ ಹಾಸಿಗೆಯ ಮೇಲೆ ಹಾಕಿದರು. ದೀಪ ಹಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಬಾಗಿಲಿನಿಂದಲೇ ಎಸೆದರು. ಮೊದಲು ಪಾದ್ರಿಗಳ ಕರಿ ಕೋಟು, ಆಮೇಲೆ ಕುರಿಯ ಚರ್ಮದವು, ತುಪ್ಪಳದವು, ಫರ್ನಾನನ ಹೆಂಡತಿಯ ಹೊಸದು, ಹೀಗೆ ಐವತ್ತನಾಲ್ಕು ಕೋಟು. ಅಡಿಯಲ್ಲಿ ರೊಸೇರ್ ಹದವಾಗಿ ಬೆಚ್ಚಗಾಗಿ ಇನ್ನಷ್ಟು ಆಳಕ್ಕಿಳಿದ.

ಎಂಟಾಯಿತು. ಗಂಡ ಕಾಣಲಿಲ್ಲ. ಸೊಲಾಂಜ್ ಕೋಣೆಯಲ್ಲಿ ಇಣುಕಿದಳು, ಕೋಟುಗಳ ಗುಡ್ಡ ಕಂಡಿತು. ಹಿತ್ತಲಲ್ಲಿ ನೋಡಿದಳು. ಫರ್ನಾನ್ ಬಂದು, "ರೊಸೇರ್ ಎಲ್ಲಿ?" ಎಂದ.

"ಎಲ್ಲಿರ್ತಾನೆ? ಗೈರುಹಾಜರಿ ಹಾಕ್ತಾರೆ ಅಂದಿದ್ರಲ್ಲ, ಹೆದರಿ ಮಿಲ್ಲಿಗೆ ಓಡಿರ್ತಾನೆ. ಅವನು ಉಂಗುರ ತೊಡಿಸಿದ್ದು ಆ ಮೂರನೇ ನಂಬರಿನ ಯಂತ್ರಕ್ಕೆ. ನಾನು ಬರೀ ಸೂಪ್ ಮಾಡೋಳು." ಸುತ್ತಲಿನ ಹೆಂಗಸರು ಲೊಚಗುಟ್ಟಿದರು. ಎಂಬತ್ತು ಮೇಣದಬತ್ತಿ ಹಚ್ಚಿದರು, ಹಾಡಿದರು, ಪಿಟೀಲು ಬಾರಿಸಿದರು, ಕುಣಿದರು, ಗೋಡೆಗಳು ಅದುರಿದವು. ಎಲ್ಲರೂ ಸೇರಿ ರೊಸೇರನ ಬಗ್ಗೆ ಆಡಬೇಕಾದ್ದನ್ನೆಲ್ಲ ಆಡಿದರು, ಪಾದ್ರಿಗಳೂ ಎರಡು ಮಾತು ಸೇರಿಸಿದರು.

ಹತ್ತಕ್ಕೆ ಜನ ಹೊರಟು ಕೋಟು ಹುಡುಕತೊಡಗಿದರು. ಗುಡ್ಡ ಕರಗುತ್ತ ಬಂತು. ಕೊನೆಯ ನಾಲ್ಕೈದು ಕೋಟು ಉಳಿದಾಗ ಫರ್ನಾನನ ಹೆಂಡತಿ ತನ್ನದನ್ನು ಎಳೆದಳು. ಅದು ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಿದ್ದರು. ಅವಳ ಕಿರುಚಾಟಕ್ಕೆ ಮನೆಯವರೆಲ್ಲ ಬಂದು ದೀಪ ಹಾಕಿದರು. ಹೊಸ ಕೋಟಿನ ತೋಳನ್ನು ತಬ್ಬಿಕೊಂಡು, ನೀಲಿ ಸೂಟಿನಲ್ಲಿ, ಟೈ ಸಮೇತ, ರೊಸೇರ್ ಎದ್ದು ಕೂತ. ಬಾಗಿಲ ತುಂಬ ಮುಖಗಳು.

"ಹೊರಡೋಣ್ವಾ ಹಾಲ್‌ಗೆ?" ಎಂದ.

ಮೊದಲು ಪಾದ್ರಿಗಳು ನಕ್ಕರು. ಸೊಲಾಂಜ್ ನಗಲಿಲ್ಲ. ಅವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ಕೆದರಿದ ಅವನ ಕೂದಲನ್ನು ಬೆರಳಿನಿಂದ ತೀಡಿದಳು. "ಇಡೀ ಪಾರ್ಟೀಲಿ ಇಲ್ಲೇ ಇದ್ದೆಯಲ್ಲೋ" ಎಂದಳು. ಅದು ಬೈಗುಳವೋ ಸಮಾಧಾನವೋ ಅವನಿಗೆ ತಿಳಿಯಲಿಲ್ಲ.

"ಹಾಗಾದ್ರೆ ಇಲ್ಲೇ ಇದ್ಬಿಡ್ತೀಯಾ, ಅಮ್ಮನ ಹತ್ರ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಬಂದವನನ್ನ ಬರ್ಲಿಲ್ಲ ಅನ್ನೋದು ಹೇಗೆ? ಆದ್ರೆ ಎರಡು ದಿನದಿಂದ ನಿಂತೇ ಇದ್ದೀನಿ, ಇವತ್ತು ಇಲ್ಲೇ ಮಲಗ್ತೀನಿ. ಸರಿ ಆಚೆ." ಅವನನ್ನು ಹಾಸಿಗೆಯಿಂದ ಎಬ್ಬಿಸಿ, ಅವನು ಬಿಟ್ಟ ಬಿಸಿಯಲ್ಲೇ ಮಲಗಿ ಎರಡು ನಿಮಿಷದಲ್ಲಿ ನಿದ್ದೆಹೋದಳು.

ಹದಿನೈದು ಗಂಟೆ ಮಲಗಿ ಎದ್ದ ರೊಸೇರನಿಗೆ ರೆಪ್ಪೆ ಮುಚ್ಚಿದರೂ ಕಣ್ಣು ಮುಚ್ಚದು. ಬೆಳಗ್ಗೆ ಆರಕ್ಕೆ ಪಾಳಿ. ಅಡಿಗೆಮನೆಗೆ ಹೋದರೆ ಎಗ್ಜಿಲ್ಡಾ ಹೊಸ ಶಾಲು ಹೊದ್ದು ಒಬ್ಬಳೇ ಇಸ್ಪೀಟು ಹರಡಿಕೊಂಡು ಕೂತಿದ್ದಳು. ಅವನ ಮುಂದೆ ಒಂದು ತುಂಡು ತಣ್ಣನೆಯ ಪೈ ತಳ್ಳಿದಳು.

"ನಿದ್ದೆ ಬರ್ಲಿಲ್ವಾ ಅತ್ತೆ?"

"ನಿಮ್ಮ ಮಾವ ನಲವತ್ತು ವರ್ಷ ಇದೇ ಪಾಳಿ ಮಾಡಿದ್ರು. ಅವರು ಹೋಗಿ ಹನ್ನೊಂದು ವರ್ಷ ಆಯ್ತು, ನಂದಿನ್ನೂ ಮುಗ್ದಿಲ್ಲ. ಕೂತ್ಕೊಳ್ಳಿ, ಎಲೆ ಹಂಚ್ತೀನಿ."

ಕೂತ. ಒಂದೊಂದು ಆಟವನ್ನೂ ಸೋತ. ಮಾವನ ಕತೆಗಳನ್ನು ಕೇಳಿದ, ತನ್ನವನ್ನೂ ಹೇಳಿದ. ಅತ್ತೆಯ ಜೊತೆ ಇಷ್ಟು ಮಾತು ಅವನು ಇಪ್ಪತ್ತಾರು ವರ್ಷದಲ್ಲಿ ಆಡಿರಲಿಲ್ಲ. ಕೊನೆಗೊಮ್ಮೆ ಮನಸ್ಸು ಹಗುರಾಯಿತು. ಮೈಯೂ ಹಗುರಾಯಿತು. ಕೈಯಲ್ಲಿದ್ದ ರಾಣಿ ಇಬ್ಬರಾಗಿ ಕಂಡಳು, ತಲೆ ಮೇಜಿನತ್ತ ವಾಲಿತು, ಸಿಹಿಯಾದ, ಗುಳಿಗೆಯಿಲ್ಲದ, ಸಾಕ್ಷಾತ್ ನಿದ್ದೆ ಬೆರಳ ತುದಿಯಿಂದ ಏರತೊಡಗಿತು.

ಎಗ್ಜಿಲ್ಡಾ ಎಲೆಗಳನ್ನು ಕೂಡಿಸಿ, ಒಲೆಯ ಮೇಲೆ ಕಾಫಿ ಇಟ್ಟು, ಅವನ ಭುಜ ಅಲುಗಿಸಿದಳು.

"ಏಳಿ ಅಳಿಯಂದ್ರೆ. ಐದೂ ಕಾಲು. ಬೆಳಗಿಂದೇ, ನಾನು ನೋಡಿದ್ದೀನಿ."