ನಮ್ಮ ಮನೆಯ ಎಂ.ಪಿ. ಸಾಹೇಬರು

ಎಂಬತ್ತರ ದಶಕದಲ್ಲಿ ಬರ್ಕ್ಲಿಯ ನಮ್ಮ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ನಾನು, ಯಜಮಾನರು, ಮಗಳು, ಜೊತೆಗೆ ತೀರಿಕೊಂಡು ನೂರು ವರ್ಷವಾಗಿದ್ದ ಸ್ಕಾಟ್ಲೆಂಡಿನ ಒಬ್ಬ ಎಂ.ಪಿ. ವಾಸವಾಗಿದ್ದೆವು. ಯಜಮಾನರು ಅವರ ಜೀವನದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದರು. ಅಂಥವರು ಮನೆಯಲ್ಲಿದ್ದ ಮೇಲೆ ಪ್ರಸಂಗಗಳಿಗೆ ಬರವೇ? ಈಗ ನೆನೆದರೆ ನಗು ಬರುತ್ತದೆ, ಆ ದಿನಗಳು ಮತ್ತೆ ಬೇಕೆನಿಸುತ್ತದೆ.

ಬಣ್ಣ

ಸಾಹೇಬರ ಫೋಟೋ ಹಾಲಿನ ಗೋಡೆಯ ಮೇಲಿತ್ತು. ಮಂಡ್ಯದಿಂದ ಬಂದ ನಮ್ಮತ್ತೆ, ಹಿರಿಯರ ಫೋಟೋ ಬೋಳಾಗಿರಬಾರದೆಂದು ಹಾರ ಹಾಕಿ ಕುಂಕುಮ ಇಟ್ಟರು. ಆ ಭಾನುವಾರ ಮಿಲ್ಪಿಟಾಸಿನಿಂದ ಊಟಕ್ಕೆ ಬಂದ ಕನ್ನಡದ ದಂಪತಿ ಅದನ್ನು ಕಂಡು ಕೈಮುಗಿದರು. ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಾವನೋರು ಇಷ್ಟು ಬೆಳ್ಳಗಿದ್ರು ಅಂತ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದರು.

ಅಪ್ಪನ ಉದ್ಯೋಗ

ಅಪ್ಪನ ಕೆಲಸವೇನೆಂದು ಸ್ಕೂಲಿನಲ್ಲಿ ಕೇಳಿದಾಗ ಮಗಳು, ಸತ್ತವರೊಬ್ಬರ ಹತ್ತಿರ ಎಂದಳಂತೆ. ಟೀಚರು ನನ್ನನ್ನು ಕರೆಸಿ, ಸ್ಮಶಾನದ ಕೆಲಸವೂ ಗೌರವದ ಕೆಲಸವೇ ಎಂದು ಸಮಾಧಾನ ಹೇಳಿದರು. ಏಳು ವರ್ಷವಾದರೂ ಇರುವ ಒಬ್ಬರನ್ನೇ ಹೂಳಲಾಗಿಲ್ಲ ಎಂದೆ ನಾನು.

ಎಡೆ

ಅದು ನಿಜವೇ. ಸಾಹೇಬರು ತಮ್ಮೂರಿನ ಬೆಸ್ತರಿಗೆ ಬಂದರು ಕಟ್ಟಿಸಬೇಕೆಂದು ಪಾರ್ಲಿಮೆಂಟಿನಲ್ಲಿ ಇಪ್ಪತ್ತು ವರ್ಷ ವಾದಿಸಿ, ಅದಾಗುವ ಮೊದಲೇ ತೀರಿಹೋದವರು. ಆ ಸಾವಿನ ಅಧ್ಯಾಯ ಬರೆಯಲು ಯಜಮಾನರಿಗೆ ಮನಸ್ಸೇ ಬರುತ್ತಿರಲಿಲ್ಲ. ಅಷ್ಟರಲ್ಲಿ ಯೂನಿವರ್ಸಿಟಿಯಿಂದ ಪತ್ರ ಬಂತು: ವರ್ಷದ ಕೊನೆಯೊಳಗೆ ಮುಗಿಸಿ, ಇಲ್ಲವಾದರೆ ಡಿಗ್ರಿ ಇಲ್ಲ. ನಾನು ಒಳಗೊಳಗೇ ಕಣ್ಣೀರಿಟ್ಟೆ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮತ್ತೆ ಹಿರಿಯರಿಗೆ ಎಡೆ ಇಡುವಾಗ, ಏಳು ವರ್ಷ ಮನೆಯಲ್ಲಿದ್ದವರನ್ನು ಬಿಡುವುದೆಂತು ಎಂದು ಸಾಹೇಬರಿಗೂ ಒಂದು ಎಲೆ ಹಾಕಿದರು. ಅವರಿಗೇನು ಇಷ್ಟವೆಂದು ಮಗನನ್ನು ಕೇಳಿ ಓಟ್ಸಿನ ಗಂಜಿ ಬಡಿಸಿದರು. ಊಟಕ್ಕೆ ಕರೆದಿದ್ದ ಗೈಡು ಪ್ರೊಫೆಸರಮ್ಮನೂ ಬಾಲ್ಕನಿಯಲ್ಲಿ ನಿಂತಿದ್ದರು. ಕಾಗೆ ಬಂದು ಉಳಿದ ಎಡೆಗಳನ್ನು ಮುಟ್ಟಿತು. ಸಾಹೇಬರದನ್ನು ಮಾತ್ರ ಮೂಸಲೂ ಇಲ್ಲ.

"ಅವ್ರಿಗೇನೋ ಆಸೆ ಉಳ್ಕಂಡದೆ ಕಣ್ ಮಗ. ನಡೆಸ್ಕೊಡ್ತೀನಿ ಅಂತ ಮಾತು ಕೊಡು" ಎಂದರು ಅತ್ತೆ.

ಬಂದರು ಕಟ್ಟಿಸುವುದು ತನ್ನ ಕೈಲಾಗದು ಎಂದರು ಯಜಮಾನರು. ಕೈಲಾಗುವುದನ್ನೇ ಹೇಳು ಎಂದರು ಅತ್ತೆ. ಯಜಮಾನರು ಕೈಮುಗಿದು ಹೇಳಿದರು: "ದೀಪಾವಳಿಯೊಳಗೆ ಕೊನೇ ಅಧ್ಯಾಯ ಬರೆದು ಮುಗಿಸ್ತೀನಿ, ಸಾರ್."

ಎಲ್ಲಿತ್ತೋ, ಕೊಲ್ಲಿಯ ಕಡೆಯಿಂದ ಒಂದು ಕಡಲಹಕ್ಕಿ ಎರಗಿ ಗಂಜಿಯನ್ನೆಲ್ಲ ಬಳಿದುಕೊಂಡು ಹೋಯಿತು. ಬೆಸ್ತರ ಎಂ.ಪಿ. ಅಲ್ಲವೇ, ಕಾಗೆಯಾಗಿ ಯಾಕೆ ಬರುತ್ತಾರೆ ಎಂದರು ಅತ್ತೆ.

ದೀಪಾವಳಿಯ ಹಿಂದಿನ ದಿನ ಥೀಸಿಸ್ ಮುಗಿಯಿತು. ಅದನ್ನು ಕೈಗೆ ತೆಗೆದುಕೊಂಡ ಪ್ರೊಫೆಸರಮ್ಮ ಒಂದು ಪುಟವನ್ನೂ ತಿರುಗಿಸದೆ ನನ್ನನ್ನು ಕೇಳಿದರು: "ನನ್ನ ಹತ್ತಿರ ಥೀಸಿಸ್ ಮುಗಿಸದವರು ಇನ್ನೂ ಮೂವರಿದ್ದಾರೆ. ನಿಮ್ಮ ಅತ್ತೆ ಇಂಡಿಯಾಕ್ಕೆ ವಾಪಸ್ ಹೋಗೋದು ಯಾವಾಗ?"