‘ಇತರೆ’ಯಲ್ಲಿದ್ದ ವಾಲಗ

‘ಯಾವುದಕ್ಕೂ ಇರಲಿ’ ಎಂಬ ಮಾತು ನನ್ನನ್ನು ಕೆಡಿಸಿದಷ್ಟು ಬೇರೆ ಯಾವ ಚಟವೂ ಕೆಡಿಸಿಲ್ಲ. ಯಲಹಂಕದಿಂದ ಯಶವಂತಪುರಕ್ಕೆ ಹೋಗಿ ಬರಲು ಹೊರಟರೂ ನನ್ನ ಚೀಲದಲ್ಲಿ ಛತ್ರಿ, ಟಾರ್ಚು, ಸೂಜಿದಾರ, ಒಂದು ಜೊತೆ ಬನಿಯನ್ನು, ಯಾರಾದರೂ ಕೇಳಿದರೆ ಕೊಡಲು ನನ್ನದೇ ಎರಡು ಫೋಟೋ, ಇಷ್ಟೂ ಇರುತ್ತವೆ. ಬಸ್ ಪಾಸು ಮಾತ್ರ ಮನೆಯಲ್ಲಿರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಲಲಿತ ಇದನ್ನು ಮುಂದಾಲೋಚನೆ ಎಂದುಕೊಂಡು ತವರಿನಲ್ಲೆಲ್ಲ ಹೊಗಳಿದ್ದಳಂತೆ. ಈಗ ಆ ವಿಷಯ ತೆಗೆದರೆ ಮಾತು ಬದಲಿಸುತ್ತಾಳೆ.

ಇಂಥವನು ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಇಳಿಯಬಾರದಿತ್ತು, ಇಳಿದೆ. ಕೊಡಿಗೇಹಳ್ಳಿಯಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ನಮ್ಮ ದೊಡ್ಡ ಗಿರಾಕಿ, ನಿಜ ಹೇಳಬೇಕೆಂದರೆ ಇದ್ದ ಒಬ್ಬರೇ ಗಿರಾಕಿ, ಚಿಕ್ಕಜಾಲದ ಮುನಿನಂಜಪ್ಪನವರು. ಅವರ ರಾಗಿ ಹೊಲದ ಪಕ್ಕದಲ್ಲೇ ಏರ್‌ಪೋರ್ಟ್ ರಸ್ತೆ ಅಗಲವಾದ ಮೇಲೆ ಅವರು ಹೊಲದಲ್ಲಿ ಕಲ್ಯಾಣ ಮಂಟಪ ಕಟ್ಟಿಸಿದರು. ಅದನ್ನು ನೋಡಿ ಅವರ ದಾಯಾದಿಯೂ ಪಕ್ಕದ ಹೊಲದಲ್ಲಿ ಇನ್ನೊಂದು ಕಟ್ಟಿಸಿದ. ಎರಡರ ನಡುವೆ ಒಂದು ಕಾಂಪೌಂಡು, ನಾಲ್ಕು ತೆಂಗಿನ ಮರ.

ಎಲ್ಲರ ಕೈಗೂ ಹೊಸದಾಗಿ ಟಚ್ ಫೋನು ಬರುತ್ತಿದ್ದ ಕಾಲ ಅದು. ಮುನಿನಂಜಪ್ಪನವರ ಮಂಟಪಕ್ಕೆಂದು ನಾನು ‘ಮಂಗಳ’ ಎಂಬ ಆ್ಯಪ್ ಮಾಡಿಕೊಟ್ಟೆ. ಅವರು ಕೇಳಿದ್ದು ಯಾವ ದಿನ ಮಂಟಪ ಖಾಲಿ ಇದೆ ಎಂದು ತಿಳಿಸುವ ಒಂದು ಪುಟ. ನಾನು ಕೊಟ್ಟದ್ದು ಅಡಿಗೆ, ಪಾತ್ರೆ, ರೂಮಿನ ಬೀಗ, ದೀಪ, ಜನರೇಟರು, ಹೂವು, ಪಂಚಾಂಗ, ರಾಹುಕಾಲ, ಮಳೆ ಬರುವ ಸಂಭವ, ಎಲ್ಲವೂ ತುಂಬಿದ ಮಹಾಗ್ರಂಥ. ಎಲ್ಲಿಯೂ ಸೇರದ ಸಾಮಾನುಗಳಿಗೆ ಕೊನೆಯಲ್ಲಿ ‘ಇತರೆ’ ಎಂಬ ಪುಟವನ್ನೂ ಇಟ್ಟಿದ್ದೆ. ಬೂದುಗುಂಬಳಕಾಯಿ, ಚಪ್ಪಲಿ ಕಾಯುವವರು, ವಾಲಗ ಮುಂತಾದವು ಅಲ್ಲಿದ್ದವು. ಯಾವುದಕ್ಕೂ ಇರಲಿ ಎಂದು.

ಮಂಗಳ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಕೆಲವರ ಫೋನು ಎಷ್ಟು ಬಿಸಿಯಾಗುತ್ತಿತ್ತೆಂದರೆ ಜೇಬಿನಲ್ಲಿಟ್ಟುಕೊಳ್ಳಲು ಹೆದರುತ್ತಿದ್ದರು. ಆದರೂ ನಾನು ಸುಮ್ಮನಿದ್ದೆ. ಕೊನೆಗೆ ಒಂದು ದಿನ ಅಡಿಗೆಯ ಸುಬ್ಬಣ್ಣ ನಾನೂರು ಊಟ ಎಂದು ಬರೆಯಲು ಹೋಗಿ, ಇನ್ನೆಲ್ಲೋ ಬೆರಳು ತಾಗಿ, ಮುಂದಿನ ತಿಂಗಳ ಸೀಮಂತವೊಂದನ್ನೇ ರದ್ದುಮಾಡಿಬಿಟ್ಟ. ಸದ್ಯ, ಬಸುರಿಯ ತಾಯಿ ಮಾತಿನ ನಡುವೆ ಮುನಿನಂಜಪ್ಪನವರಿಗೆ ದಿನ ನೆನಪಿಸಿದ್ದರಿಂದ ಮಾನ ಉಳಿಯಿತು. ಮಾರನೆಯ ದಿನ ಮುನಿನಂಜಪ್ಪನವರು ನಮ್ಮ ಮಹಡಿ ಹತ್ತಿ ಬಂದು, ಏದುಸಿರು ಇಳಿಸಿಕೊಂಡು, ಕೋಪವಿಲ್ಲದೆಯೇ ಹೇಳಿದರು: “ಯಾಕ್ ಸ್ವಾಮಿ ಇಂಗ್ ಮಾಡ್ಬುಟ್ರಿ? ಅಡಿಗೆಯೋನ್ಗೆ ಅಡಿಗೆ ಕಾಣ್ಲಿ, ಬೀಗದೋಳ್ಗೆ ಬೀಗ ಕಾಣ್ಲಿ. ನಂಗೆ ದಿನ ಖಾಲಿ ಐತೋ ಇಲ್ವೋ, ಅಷ್ಟ್ ಗೊತ್ತಾದ್ರೆ ಸಾಕು.”

ನಾನು ಮೂರು ವರ್ಷ ಪುಸ್ತಕ ಓದಿ ಕಲಿಯದಿದ್ದ ಪಾಠ ಅದು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಮಂಟಪಕ್ಕೂ ನನಗೂ ಬಿಡುವಿತ್ತು. ಮಂಗಳವನ್ನು ಬಿಡಿಸಿ ಐದು ಪುಟ್ಟ ಆ್ಯಪ್ ಮಾಡಿದೆ. ಸುಬ್ಬಣ್ಣನಿಗೆ ಅಡಿಗೆ, ರೂಮು ನೋಡುವ ಜಯಮ್ಮನಿಗೆ ಬೀಗ, ಒಬ್ಬನಿಗೆ ದೀಪ, ಇನ್ನೊಬ್ಬನಿಗೆ ಹೂವು, ಯಜಮಾನರಿಗೆ ದಿನ. ಮುಟ್ಟಿದ ತಕ್ಷಣ ತೆರೆಯುತ್ತಿದ್ದವು. ಜಯಮ್ಮನಂತೂ ಬೇಕಿರಲಿ ಬೇಡದಿರಲಿ, ದಿನಕ್ಕೆ ಹತ್ತು ಸಲ ತೆರೆದು ನೋಡಿ ನಗುತ್ತಿದ್ದಳು. ‘ಇತರೆ’ ಮಾತ್ರ ಉಳಿಯಿತು. ಅದನ್ನು ಯಾರಿಗೆ ಕೊಡಬೇಕೆಂದು ಹೊಳೆಯಲಿಲ್ಲ. ಹೊಸದಾಗಿ ಹಗುರಾದ ಹುರುಪಿನಲ್ಲಿ ಅದನ್ನು ತೆಗೆದೇ ಹಾಕಿದೆ. ನನ್ನ ಜೀವಮಾನದಲ್ಲಿ ನಾನಾಗಿ ಬಿಸಾಡಿದ ಮೊದಲನೆಯ ವಸ್ತು ಅದೇ ಇರಬೇಕು.

ಶ್ರಾವಣದಲ್ಲಿ ಆ ಮಂಟಪದ ಮೊದಲ ಮದುವೆ ನಮ್ಮದೇ. ಲಲಿತಳ ತಮ್ಮ ನಾಗರಾಜನ ಮಗಳದು. ಅತ್ತೆ ಮಾವ ಹೋದ ಮೇಲೆ ಲಲಿತಳಿಗೆ ತವರು ಅಂತ ಉಳಿದಿರುವುದು ಆ ತಮ್ಮನ ಮನೆಯೊಂದೇ. ಅವನು ಸಂಕೋಚದ ಮನುಷ್ಯ. ಗಂಡಿನ ಕಡೆಯವರೋ ಮದುವೆಮನೆಯ ಉಪ್ಪಿನಕಾಯಿಯನ್ನೂ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಜನ. ಹುಡುಗಿಯನ್ನು ಕರೆದುಕೊಂಡು ಬಂದರೆ ಸಾಕು, ಉಳಿದದ್ದೆಲ್ಲ ಐದು ಆ್ಯಪ್ ನೋಡಿಕೊಳ್ಳುತ್ತವೆ ಎಂದು ನಾನು ನಾಗರಾಜನಿಗೆ ಅಭಯ ಕೊಟ್ಟೆ.

“ಐದರಲ್ಲೂ ಸೇರದೆ ಇರೋದನ್ನ ಯಾರ್ರೀ ನೋಡ್ತಾರೆ?” ಎಂದು ಲಲಿತ ಕೇಳಿದಳು. ಹಾಗೆ ಏನೂ ಉಳಿಯುವುದಿಲ್ಲ ಎಂಬುದನ್ನು ನಾನು ಇಪ್ಪತ್ತು ನಿಮಿಷ ವಿವರಿಸಿದೆ. ಅಷ್ಟರಲ್ಲಿ ಅವಳು ಹಾಲು ಕಾಯಿಸಿ, ಹೆಪ್ಪು ಹಾಕಿ, ಮಲಗಲು ಹೋಗಿದ್ದಳು.

ಮದುವೆಯ ಹಿಂದಿನ ಸಂಜೆಯ ಆರತಕ್ಷತೆಗೆ ಹಾಡುವವರಿದ್ದರು; ಯಾವ ಕೊರತೆಯೂ ಕಾಣಲಿಲ್ಲ. ಬೆಳಿಗ್ಗೆ ವಾಲಗ ಕೇಳಿಸದಿದ್ದಾಗ ವಾಲಗದವರು ತಿಂಡಿಗೆ ಹೋಗಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ಇಡ್ಲಿ ಚೆನ್ನಾಗಿತ್ತು, ಆದ್ದರಿಂದ ಅನುಮಾನ ಬರಲಿಲ್ಲ. ಲಗ್ನ ಹತ್ತಿರವಾಗಿ, ಹುಡುಗಿಯನ್ನು ಕರೆತಂದು ಕೂರಿಸಿ, ಅಕ್ಷತೆ ಹಂಚಿದ ಮೇಲೆ ಪುರೋಹಿತರು ನನ್ನನ್ನು ಕರೆದು, ವಾಲಗದವರು ಎಲ್ಲಿ ಎಂದು ಕೇಳಿದರು.

ನಾನು ಓಡಿದೆ. ಸುಬ್ಬಣ್ಣ ಸೌಟು ಕೆಳಗಿಟ್ಟು, ಫೋನು ತೆರೆದು, ತನ್ನದರಲ್ಲಿ ವಾಲಗ ಬಂದಿಲ್ಲ ಎಂದು ತೋರಿಸಿದ. ಜಯಮ್ಮ ಹನ್ನೆರಡು ಬೀಗವೂ ಸರಿಯಾಗಿವೆ ಎಂದಳು. ದೀಪದವನು, ಹೂವಿನವನು ಎಲ್ಲರೂ ತಂತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ್ದರು. ವಾಲಗ ಇದ್ದದ್ದು ನಾನು ಬಿಸಾಡಿದ್ದ ‘ಇತರೆ’ಯಲ್ಲಿ. ಫೋನಿನಲ್ಲಾದರೂ ಹುಡುಕಿ ನಾದಸ್ವರ ಹಾಕೋಣವೆಂದರೆ ನನ್ನ ಫೋನು ಬಿಸಿಯಾಗಿ ಆರಿಹೋಗಿತ್ತು. ಆ ಐದು ಹಗುರವಾದ ಆ್ಯಪ್‌ಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡಿದ್ದವನು ನಾನೊಬ್ಬನೇ.

ಮುನಿನಂಜಪ್ಪನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಕಿವಿಯಲ್ಲಿ ಹೇಳಿದೆ. ನನಗೆ ಅಳು ಬರುವಂತಾಗಿತ್ತು. ಗಟ್ಟಿಮೇಳವಿಲ್ಲದೆ ತಾಳಿ ಕಟ್ಟಿದರೆಂಬ ಮಾತನ್ನು ಆ ಹುಡುಗಿ ಎಷ್ಟು ವರ್ಷ ಕೇಳಬೇಕೋ, ಲಲಿತ ಇನ್ನು ಯಾವ ಮುಖ ಹೊತ್ತು ತಮ್ಮನ ಮನೆಗೆ ಹೋಗುತ್ತಾಳೋ ಎನ್ನಿಸಿ ಅವಳಿದ್ದ ಕಡೆ ನೋಡುವ ಧೈರ್ಯವೇ ಆಗಲಿಲ್ಲ. ಮುನಿನಂಜಪ್ಪನವರು ದಾಯಾದಿಯ ಮಂಟಪದ ಕಡೆಗಿದ್ದ ಗೋಡೆಯತ್ತ ಕೈ ತೋರಿಸಿದರು.

“ಪಕ್ಕದ್ ಛತ್ರದಾಗೂ ಇದೇ ಲಗ್ನ,” ಎಂದರು. “ಆ ಕಡೆ ಕಿಟ್ಕಿ ಎಲ್ಲಾ ತೆಗೆಸಿ. ಅಯ್ನೋರ್ಗೆ ಒಸಿ ನಿಧಾನ ಮಾಡಿ ಅನ್ನಿ.”

ಬೀಗದ ಜಯಮ್ಮ, ತನ್ನ ಆ್ಯಪ್‌ನಲ್ಲಿ ಇಲ್ಲದಿದ್ದರೂ, ಎಂಟು ಕಿಟಕಿಗಳನ್ನೂ ತೆರೆದಳು. ಪುರೋಹಿತರು ಸೂಕ್ಷ್ಮ ತಿಳಿದವರು, ಮಂತ್ರವನ್ನು ಎಳೆಯತೊಡಗಿದರು. ಹುಡುಗ ತಾಳಿ ಹಿಡಿದು ಬಗ್ಗಿ ನಿಂತ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಪಕ್ಕದ ಛತ್ರದವರಿಗೆ ಏನು ಅಡಚಣೆಯಾಗಿತ್ತೋ, ತೆಂಗಿನ ಗರಿಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಹುಡುಗ ಬಗ್ಗಿದಲ್ಲಿಂದಲೇ ತಲೆಯೆತ್ತಿ ಪುರೋಹಿತರನ್ನು ನೋಡಿದ. ನಾನು ಪರಿಚಯವೇ ಇಲ್ಲದ ಇನ್ನೊಬ್ಬ ಮದುವೆ ಗಂಡಿಗಾಗಿ ದೇವರಲ್ಲಿ ಬೇಡಿಕೊಂಡೆ. ಬೇಗ ಕಟ್ಟಪ್ಪ, ನಿನಗೆ ಪುಣ್ಯ ಬರುತ್ತದೆ.

ಕೊನೆಗೂ ಅಲ್ಲಿ ಅವನು ಕಟ್ಟಿದ. ಡೋಲು, ನಾದಸ್ವರ ಒಟ್ಟಿಗೆ ಎದ್ದು ಕಾಂಪೌಂಡು ದಾಟಿ ಬಂದವು. ನಮ್ಮ ಪುರೋಹಿತರು ಕೈ ಎತ್ತಿ “ಗಟ್ಟಿಮೇಳ” ಎಂದರು, ಆ ಮಾತಿಗೇ ಶುರುವಾಯಿತೇನೋ ಅನ್ನುವ ಹಾಗೆ. ನಮ್ಮ ಹುಡುಗಿಯ ಕೊರಳಿಗೆ ತಾಳಿ ಬಿತ್ತು, ತಲೆಯ ಮೇಲೆ ಅಕ್ಷತೆ ಬಿತ್ತು. ಊಟಕ್ಕೆ ಕೂತಾಗ ಹುಡುಗನ ದೊಡ್ಡಪ್ಪ ನಾಗರಾಜನನ್ನು ಕರೆದು, ವಾಲಗ ಬಹಳ ಹಿತವಾಗಿತ್ತು, ಈಗಿನವರ ಹಾಗೆ ಕಿವಿಯ ಮೇಲೆ ಬಡಿಯಲಿಲ್ಲ ಎಂದು ಮೆಚ್ಚಿಕೊಂಡರು. ನಾಗರಾಜ ಎಲ್ಲವೂ ಭಾವನ ಏರ್ಪಾಡು ಎಂದು ನನ್ನತ್ತ ಕೈ ತೋರಿಸಿದ. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಲಲಿತಳಿಗೆ ಮಾತ್ರ ಎಲ್ಲ ಗೊತ್ತಾಗಿತ್ತು. ಊಟವಾದ ಮೇಲೆ ಒಂದು ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಪಂಚೆ ಇಟ್ಟುಕೊಂಡು, ನನ್ನನ್ನು ಪಕ್ಕದ ಛತ್ರಕ್ಕೆ ಕರೆದುಕೊಂಡು ಹೋದಳು. ನಾದಸ್ವರದ ಹಿರಿಯರು ಜಗಲಿಯಲ್ಲಿ ಕೂತು ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಲಲಿತ ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ ತಟ್ಟೆ ಮುಂದಿಟ್ಟಳು. ಅವರು ಪಂಚೆಯನ್ನು ಕಣ್ಣಿಗೊತ್ತಿಕೊಂಡರು. “ಮೊದ್ಲೇ ಒಂದ್ ಮಾತ್ ಹೇಳಿದ್ರೆ ಆ ಕಡೆ ತಿರುಗಿ ಊದ್ತಿದ್ವಿ ಕಣಮ್ಮ,” ಎಂದರು. ನನಗೆ ನಿಜವಾಗಿ ನಾಚಿಕೆಯಾಯಿತು.

ಆಮೇಲೆ ಅವರು ನನ್ನ ಕಡೆ ತಿರುಗಿ, ತಾವು ಏನು ಕೆಲಸ ಮಾಡಿಕೊಂಡಿದ್ದೀರಿ ಎಂದು ವಿಶ್ವಾಸದಿಂದ ಕೇಳಿದರು. ಮಂಗಳದಿಂದ ಶುರುಮಾಡಿ, ಐದು ಆ್ಯಪ್‌ಗಳವರೆಗೆ ಸವಿಸ್ತಾರವಾಗಿ ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ.

“ಇತರೆ,” ಎಂದಳು ಲಲಿತ, ಖಾಲಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಾ.