ಚೋಕ್ ತೆಗೀರಿ!

ಪೆಟ್ರೋಲ್ ಒಂಟಿಯಾಗಿ ಉರಿಯುವುದಿಲ್ಲ. ಅದಕ್ಕೆ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಪೆಟ್ರೋಲ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಗಾಡಿ ಮಾತ್ರ ಹೋಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಾಚಿಕೆಪಟ್ಟುಕೊಳ್ಳಿ. ನನಗೂ ಗೊತ್ತಿರಲಿಲ್ಲ, ಆದರೆ ನಾನು ನಾಚಿಕೆಪಡುವವರ ಪೈಕಿಯಲ್ಲ!

ನನ್ನ ಹೆಂಡತಿ ಪಶುವೈದ್ಯೆ. ಅವಳ ರೋಗಿಗಳೆಲ್ಲ ಇರುವುದು ಗುಡ್ಡದ ಮೇಲಿನ ಕೊಟ್ಟಿಗೆಗಳಲ್ಲಿ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಕೆಸರು, ಕೆಸರು ಮುಗಿದ ಮೇಲೆ ಬರೀ ಧೈರ್ಯ. ಅಂಥ ದಾರಿ. ಅದಕ್ಕೆಂದೇ ಅವಳ ಹತ್ತಿರ ರಸ್ತೆಗೂ ಸೈ, ಗುಡ್ಡಕ್ಕೂ ಸೈ ಎನ್ನುವ ಒಂದು ಬೈಕಿದೆ. ಎತ್ತರದ ಸೀಟು, ಹಲ್ಲುಹಲ್ಲಿನ ಟೈರು, ಹೊಟ್ಟೆಯೊಳಗೆ ಹಳೇ ಕಾಲದ ಕಾರ್ಬ್ಯುರೇಟರ್. ಮನೆಯಲ್ಲಿ ಅದರ ಹೆಸರು ಜಿರಾಫೆ. ಅವಳು ಅದರ ಮೇಲೆ ಕೂತರೆ ಮಹಾರಾಣಿ. ನಾನು ಕೂತರೆ ಕಾಲು ನೆಲಕ್ಕೆಟುಕದೆ ಒಣಹಾಕಿದ ಪೈಜಾಮ!

ಈ ಜಿರಾಫೆ ಚಳಿಗಾಲ ಶುರುವಾದದ್ದೇ ತಡ ಕುಡುಕನಾಗಿಬಿಟ್ಟಿತು. ಮೊದಲು ಟ್ಯಾಂಕ್ ತುಂಬಿಸಿದರೆ ಇಡೀ ಗುಡ್ಡ ಸುತ್ತಿ ಬಂದ ಮೇಲೂ ಒಳಗೆ ಗುಳುಗುಳು ಅನ್ನುತ್ತಿತ್ತು. ಈಗ ಇಳಿಯುವ ಹೊತ್ತಿಗೆ ಟ್ಯಾಂಕ್ ಖಾಲಿ. ಒಂದು ದಿನ ಹೆಂಡತಿ ಅದನ್ನು ಆಸ್ಪತ್ರೆಯವರೆಗೂ ತಳ್ಳಿಕೊಂಡೇ ಹೋದಳು. ಅವಳ ಮೇಲಧಿಕಾರಿ, ದೊಡ್ಡ ಡಾಕ್ಟರು, ಕಿಟಕಿಯಿಂದ ನೋಡಿಬಿಟ್ಟರು.

“ಇನ್ನೊಂದ್ಸಲ ಗಾಡಿ ದಾರೀಲಿ ನಿಂತ್ರೆ ಗುಡ್ಡದ ಕೆಲಸ ಜೀಪ್ ಇರೋರಿಗೆ ಕೊಟ್ಬಿಡ್ತೀನಮ್ಮ. ನೀವು ಇಲ್ಲೇ ನೆರಳಲ್ಲಿ ಕೂತು ನಾಯಿಮರಿಗಳ ಉಗುರು ಕತ್ತರಿಸ್ಕೊಂಡು ಹಾಯಾಗಿರಿ.”

ಹಾಯಾಗಿ! ಒಂದೊಂದು ಹಸುವಿನ ಮುನಿಸು ಎಂಥದ್ದೆಂದು ಬಲ್ಲವಳು ನನ್ನ ಹೆಂಡತಿ. ಜೀಪ್ ಇರುವ ಆ ಮಹಾಶಯರೋ ಜೀಪಿನಿಂದ ಇಳಿಯುವವರೇ ಅಲ್ಲ. ಗಾಜು ಇಳಿಸಿ ರೋಗ ಕೇಳಿ, ಗಾಜು ಏರಿಸಿ ಔಷಧಿ ಹೇಳುವವರು! ಅವತ್ತು ಹೆಂಡತಿ ನನ್ನ ಯಾವ ತಪ್ಪನ್ನೂ ಎತ್ತಾಡದೆ ಊಟ ಮುಗಿಸಿದಳು. ಇದು ಅಪಾಯದ ಸೂಚನೆ!

ಪಣ ತೊಟ್ಟೆ. “ಜಿರಾಫೆಯ ಕುಡಿತ ಬಿಡಿಸದಿದ್ದರೆ ನಾನು ಅಂಕಣ ಬರೆಯೋದೇ ಬಿಡ್ತೀನಿ!”

“ಓದುಗರಿಗೆ ಆಸೆ ಹುಟ್ಟಿಸ್ಬೇಡಿ,” ಎಂದಳು. “ಅದರ ತಂಟೆಗೆ ಹೋಗ್ಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೊಡ್ತೀರಲ್ಲ, ಅಷ್ಟೇ ಸಾಕು.”

ಹೌದು, ಚಳಿ ಶುರುವಾದಾಗಿನಿಂದ ಆ ಸೇವೆ ನನ್ನದು. ಹೆಂಡತಿಯ ಕೆಲಸಕ್ಕೆ ಕೈಜೋಡಿಸದ ಗಂಡಸರನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ ಮೇಲೆ ನಾನಾದರೂ ಏನಾದರೂ ಮಾಡಲೇಬೇಕಿತ್ತು. ಬೆಳಿಗ್ಗೆ ಅವಳು ಒಳಗೆ ಔಷಧಿ ಚೀಲ ತುಂಬುತ್ತಾ ಕಿಟಕಿಯಿಂದಲೇ ಕೂಗುತ್ತಾಳೆ: “ರೀ, ಚೋಕ್ ಹಾಕಿ ಸ್ಟಾರ್ಟ್ ಮಾಡ್ರೀ!” ಚೋಕ್ ಎಂದರೆ ಕಾರ್ಬ್ಯುರೇಟರ್ ಪಕ್ಕದ ಒಂದು ಪುಟ್ಟ ಗುಂಡಿ. ನಾನು ಅದನ್ನು ಹಾಕಿ, ಕಿಕ್ಕರ್ ಒದೆಯುತ್ತೇನೆ. ಒದೆಯುತ್ತೇನೆ. ಅಂಗಿ ಒದ್ದೆಯಾಗುವವರೆಗೆ ಒದೆಯುತ್ತೇನೆ. ಕೊನೆಗೆ ಜಿರಾಫೆ ನನ್ನ ಮೇಲಿನ ಕನಿಕರಕ್ಕೆ ಕೆಮ್ಮಿ ಎದ್ದೇಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಮತ್ತೆ ಕಿಟಕಿಯ ಆಜ್ಞೆ: “ಈಗ ಚೋಕ್ ತೆಗೀರಿ!” “ತೆಗ್ದೆ!” ಅವಳು ಬಂದು ಚೀಲ ನೇತುಹಾಕಿ, ಹತ್ತಿ, ಹೊರಡುತ್ತಾಳೆ. ಇಂಥ ಗಂಡ ಎಷ್ಟು ಮನೆಗಳಲ್ಲಿದ್ದಾನೆ, ಹೇಳಿ!

ಚಿಕಿತ್ಸೆ ಶುರುವಾಯಿತು. ಮೊದಲು ಟೈರು. ಗಾಳಿ ಕಡಿಮೆಯಾದರೆ ಮೈಲೇಜ್ ಬೀಳುತ್ತದೆ ಎಂದು ಎಲ್ಲೋ ಕೇಳಿದ್ದೆ. ಬಡಿದರೆ ಟಣ್ ಅನ್ನುವ ತನಕ ಗಾಳಿ ತುಂಬಿಸಿದೆ. ಸಂಜೆ ಹೆಂಡತಿ ಸೊಂಟ ಹಿಡಿದುಕೊಂಡು ಇಳಿದಳು.

“ನನ್ನ ಬೆನ್ನುಮೂಳೆ ಪೂರ್ತಿ ಇದೆಯಾ ನೋಡಿ. ಒಂದೆರಡು ದಾರೀಲಿ ಬಿದ್ದಿರ್ಬೇಕು.”

“ಮೈಲೇಜ್?”

“ಅದು ಮೂಳೆಗಿಂತ ಮೊದಲೇ ಬಿತ್ತು!”

ಆಮೇಲೆ ಪ್ಲಗ್. ಬಿಚ್ಚಿದರೆ ಒಲೆಯ ಚಿಮಣಿಯ ಹಾಗೆ ಮಸಿ. ಬಚ್ಚಲಲ್ಲಿ ಸಿಕ್ಕ ಒಂದು ಬ್ರಷ್ ಹಿಡಿದು ಗಸಗಸ ಉಜ್ಜಿ ಫಳಫಳ ಮಾಡಿದೆ. ಅಷ್ಟರಲ್ಲಿ ಅತ್ತೆಯವರ ದನಿ. ಅವರು ನಮ್ಮ ಜೊತೆಗೇ ಇರುತ್ತಾರೆ, ನನ್ನನ್ನು ತಿದ್ದುವ ಘನ ಉದ್ದೇಶದಿಂದ.

“ಅಳಿಯಂದ್ರೇ, ನನ್ನ ಹಲ್ಲುಜ್ಜೋ ಬ್ರಷ್ಷಿಗೆ ಏನಾಯ್ತು?”

“ದೇಶಸೇವೆ ಮಾಡ್ತು ಅತ್ತೆ!”

ಮೂರನೆಯದು ಶಸ್ತ್ರಚಿಕಿತ್ಸೆ. ರಜಾದಿನ ಕಾರ್ಬ್ಯುರೇಟರನ್ನೇ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದೆ. ಸ್ಪ್ರಿಂಗು, ಸೂಜಿ, ತೇಲುಬುರುಡೆ, ಹೆಸರಿಲ್ಲದ ಹಲವು ತುಣುಕು. ಒಂದೊಂದಕ್ಕೂ ಉಫ್ ಎಂದು ಊದಿದೆ. ಜೋಡಿಸುವಾಗ ನೋಡಿದರೆ, ಪೆಟ್ರೋಲ್ ಚಿಮ್ಮುವ ಹಿತ್ತಾಳೆಯ ಜೆಟ್ ನಾಪತ್ತೆ!

“ಅತ್ತೆ, ಜೆಟ್ ನೋಡಿದ್ರಾ?”

ಅವರು ಕಿಟಕಿಯಿಂದ ಆಕಾಶ ನೋಡಿದರು. “ಇಲ್ವಲ್ಲ. ಸದ್ದೂ ಕೇಳಿಸ್ಲಿಲ್ಲ.”

ಕೊನೆಗೆ ಅದು ಸಿಕ್ಕಿದ್ದು ಅವರ ಗುಂಡಿ ಡಬ್ಬಿಯಲ್ಲಿ. ರವಿಕೆಗೆ ಹೊಲಿಯುವ ಮುಂಚೆ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟೆ. ಎಲ್ಲ ಜೋಡಿಸಿದೆ. ಜಿರಾಫೆ ಮೊದಲಿನಷ್ಟೇ ಕುಡಿಯಿತು.

ಟೈರು ಸರಿ, ಪ್ಲಗ್ ಸರಿ, ಕಾರ್ಬ್ಯುರೇಟರ್ ಸರಿ, ನಾನಂತೂ ಹುಟ್ಟಿದಾಗಿನಿಂದ ಸರಿ. ಉಳಿದದ್ದು ಏನು? ಪೆಟ್ರೋಲ್! ಕಲಬೆರಕೆ! ನನ್ನ ರಕ್ತ ಕುದಿಯಿತು. ಅನ್ಯಾಯ ಕಂಡರೆ ನಾನು ಸುಮ್ಮನಿರುವವನಲ್ಲ, ಕಾಣದಿದ್ದರೂ ಸುಮ್ಮನಿರುವವನಲ್ಲ.

ಗುಡ್ಡದ ಬುಡದಲ್ಲಿ ಒಂದು ಸಣ್ಣ ಬಂಕಿದೆ. ಅದನ್ನು ಬಿಟ್ಟರೆ ಆ ದಾರಿಯಲ್ಲಿ ಪೆಟ್ರೋಲಿಲ್ಲ. ನಡೆಸುವಾಕೆ ಒಂಟಿ ಹೆಂಗಸು. ಪೈಪು ಹಿಡಿಯುವುದೂ ಅವಳೇ, ಅಂಗಳ ಗುಡಿಸುವುದೂ ಅವಳೇ. ಹೋದೆ. ಸಾಲು ಹನುಮಂತನ ಬಾಲದಷ್ಟಿತ್ತು. ಅದರ ನಡುವೆ ನಿಂತು ಗುಡುಗಿದೆ.

“ಇದು ಪೆಟ್ರೋಲಲ್ಲ, ಸೀಮೆಎಣ್ಣೆಯ ತಂಗಿ!”

“ಸಾರ್, ಕೂಗ್ಬೇಡಿ,” ಎಂದಳು ಬಂಕಿನಾಕೆ. “ಫಿಲ್ಟರ್ ಪೇಪರ್ ಇದೆ, ಒಂದು ತೊಟ್ಟು ಹಾಕಿ ನೋಡಿ. ಕಲೆ ಉಳಿದ್ರೆ ಹೇಳಿ.”

“ಕಳ್ಳರ ಕಾಗದದಲ್ಲಿ ಕಳ್ಳತನ ಕಾಣೋದಿಲ್ಲಮ್ಮ!”

ಏನು ಮಾತು! ನನಗೇ ರೋಮಾಂಚನವಾಯಿತು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಒಬ್ಬೊಬ್ಬರಾಗಿ ಗಾಡಿ ತಿರುಗಿಸಿದರು. ನಾನು ಎದೆಯುಬ್ಬಿಸಿ ಮನೆಗೆ ಬಂದೆ.

ಮರುದಿನ ಸಂಜೆ ಹೆಂಡತಿ ಬಂದಳು. ಮೈಯೆಲ್ಲ ಕೆಸರು. ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟ ರೀತಿಗೇ ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

“ಬಂಕಲ್ಲಿ ಪೆಟ್ರೋಲ್ ಹಾಕ್ಲಿಲ್ಲ. ‘ಸೀಮೆಎಣ್ಣೆಯ ತಂಗಿ ನಿಮ್ಮಂಥೋರ ಗಾಡಿಗೆ ಯಾಕೆ ಮೇಡಂ’ ಅಂದ್ಲು.”

“ನೋಡಿದ್ಯಾ? ಹೆದರಿದ್ದಾಳೆ!”

“ಸುಮ್ನಿರ್ರೀ! ಇದ್ದಷ್ಟರಲ್ಲೇ ಹತ್ತಿದೆ. ಅರ್ಧ ಗುಡ್ಡದಲ್ಲಿ ನಿಂತ್ಹೋಯ್ತು. ಮೇಲೆ ಹಸು ಕರು ಹಾಕೋಕಾಗದೆ ಒದ್ದಾಡ್ತಿದೆ. ದಿನಾ ಚೀಲದ ಹಿಂದೆ ಕೈ ತೂರಿಸಿ ತಡಕಾಡಿ ಪೆಟ್ರೋಲ್ ನಲ್ಲೀನ ರಿಸರ್ವ್‌ಗೆ ತಿರುಗಿಸ್ತಿದ್ದೆ. ಇವತ್ತು ಚೀಲ ಎತ್ತಿ, ಬಗ್ಗಿ ನೋಡ್ದೆ. ಚೋಕ್ ಪೂರ್ತಿ ಹೊರಗೆ ಬಂದು ನನ್ನ ನೋಡಿ ನಗ್ತಿದೆ!”

“ಹೊರಗೇ ಇರ್ಬೇಕು! ನೀನೇ ತೆಗೀರಿ ಅಂದೆ. ಎಳೆದು ತೆಗ್ದೆ.”

ಅತ್ತೆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

“ಚೋಕ್ ತೆಗಿ ಅಂದ್ರೆ ಒಳಗೆ ತಳ್ಳೋದು ಕಣ್ರೀ!”

“ಯಾವ ನಿಘಂಟಿನಲ್ಲಿ? ಬಾಗಿಲು ತೆಗಿ ಅಂದ್ರೆ ತೆರೆಯೋದು. ಡ್ರಾಯರ್ ತೆಗಿ ಅಂದ್ರೆ ಹೊರಕ್ಕೆ ಎಳೆಯೋದು. ಭಾಷೆ ನನಗೆ ಹೇಳ್ಕೊಡ್ಬೇಡ!”

“ಹಾಗಾದ್ರೆ ಚೋಕ್ ಹಾಕಿ ಅಂದಾಗ?”

“ಒಳಕ್ಕೆ ತಳ್ತಿದ್ದೆ. ಬಾಗಿಲು ಹಾಕೋದಿಲ್ವಾ, ಹಾಗೆ.”

“ಲೈಟ್ ಹಾಕಿ ಅಂದ್ರೆ ಆರಿಸ್ತೀರಾ?”

“ಅದು… ಅದು ಬೇರೆ ಧಾತು!”

ಅತ್ತೆ ಕೈಬೆರಳು ಮಡಚಿ ಬಿಚ್ಚಿ ತಾಳೆ ಹಾಕಿದರು. “ಅಂದ್ರೆ ಅಳಿಯಂದ್ರೇ, ತಣ್ಣಗಿರೋವಾಗ ಚೋಕ್ ಇಲ್ದೆ ಒದೀತಿದ್ರಿ. ಬಿಸಿಯಾದ್ಮೇಲೆ ಚೋಕ್ ಎಳೆದು, ಗಾಳಿ ಕಟ್ಟಿ, ಬರೀ ಪೆಟ್ರೋಲ್ ಕುಡಿಸಿ ಗುಡ್ಡಕ್ಕೆ ಅಟ್ಟುತಿದ್ರಿ. ಚಳಿಗಾಲ ಪೂರ್ತಿ.”

“ಗಾಳಿ ಕಡಿಮೆಯಾಗಿದೆ ಅಂತ ನಾನು ಮೊದಲೇ ಹೇಳಿರಲಿಲ್ವಾ ಅತ್ತೆ? ಎಲ್ಲಿ ಅನ್ನೋದಷ್ಟೇ ಸ್ವಲ್ಪ ಆಚೀಚೆ ಆಯ್ತು!”

ನಾನು ದನಿ ತಗ್ಗಿಸಿ ಕೇಳಿದೆ: “ಕರು?”

“ಬದುಕ್ತು. ಚೋಕ್ ಒಳಗೆ ತಳ್ಳಿ, ರಿಸರ್ವ್‌ನಲ್ಲೇ ಹತ್ತಿ, ಕರು ಎಳೆದು, ಅದರಲ್ಲೇ ಇಳಿದು ಬಂದೆ. ಗಾಡಿಗೆ ಏನೂ ಆಗಿರಲಿಲ್ಲ ಕಣ್ರೀ.” ಅವಳು ಔಷಧಿ ಚೀಲ ಕೆಳಗಿಟ್ಟಳು. “ಆದ್ರೆ ನಾಳೆ? ಆ ಬಂಕ್ ಬಿಟ್ರೆ ನನಗೆ ಗುಡ್ಡ ಇಲ್ಲ. ಅವಳು ಪೆಟ್ರೋಲ್ ಹಾಕಲ್ಲ, ಗಾಡಿ ನಿಲ್ಲುತ್ತೆ, ಜೀಪ್ ಬರುತ್ತೆ. ಹೋಗಿ, ತಪ್ಪಾಯ್ತು ಅಂತ ಕೇಳ್ಕೊಂಡ್ ಬನ್ನಿ.”

“ನಾನಾ? ಸಾರ್ವಜನಿಕ ಹಿತಕ್ಕಾಗಿ ಕೂಗಿದವನು ನಾನು!”

“ಆ ಸಾರ್ವಜನಿಕರಲ್ಲಿ ಹಸುಗಳೂ ಇವೆ.”

ಹೋದೆ. ದಾರಿಯುದ್ದಕ್ಕೂ ವಾದ ಸಿದ್ಧಪಡಿಸಿಕೊಂಡೆ: ಉದ್ದೇಶ ಒಳ್ಳೆಯದಿತ್ತು, ಎಲ್ಲೆಡೆ ಕಲಬೆರಕೆ ನಡೆಯುವುದು ಸುಳ್ಳಲ್ಲ, ಒಂದು ಕ್ರಿಯಾಪದಕ್ಕೆ ಎದುರುಬದುರು ಎರಡು ಅರ್ಥ ಇಟ್ಟ ಹಿರಿಯರನ್ನು ಮೊದಲು ವಿಚಾರಿಸಬೇಕು. ಬಂಕ್ ತಲುಪಿದೆ. ಸಾಲಿರಲಿಲ್ಲ. ಒಂದು ಸೈಕಲ್ ಕೂಡ ಇರಲಿಲ್ಲ. ಬಂಕಿನಾಕೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ವಾದವೆಲ್ಲ ಅಲ್ಲೇ ಬಿಟ್ಟೆ.

“ತಪ್ಪಾಯ್ತಮ್ಮ,” ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

“ನಿನ್ನೆ ಗಂಟಲು ಚೆನ್ನಾಗಿತ್ತಲ್ಲ ಸಾರ್?”

ಸರಿ, ಕೂಗಿದೆ. “ಪೆಟ್ರೋಲ್ ಚೊಕ್ಕವಾಗಿದೆ! ಚೋಕ್ ಎಳೆದಿದ್ದು ನಾನು!” ಕಂಬದ ಮೇಲಿದ್ದ ಕಾಗೆ ಹಾರಿಹೋಯಿತು. ಬೇರೆ ಶ್ರೋತೃಗಳಿರಲಿಲ್ಲ.

ಅವಳು ಪೊರಕೆ ಗೋಡೆಗೊರಗಿಸಿದಳು. “ಮೇಡಂ ಗಾಡಿಗೆ ಹಾಕ್ತೀನಿ ಬಿಡಿ, ಪಾಪ. ಆದ್ರೆ ಹೋದ ಗಿರಾಕಿಗಳಿಗೆ ನಿಮ್ಮ ಈ ಕೂಗು ಕೇಳಿಸ್ಲಿಲ್ಲವಲ್ಲ ಸಾರ್? ಹೀಗೇ ಆದ್ರೆ ನಾನು ಬೀಗ ಹಾಕ್ಬೇಕು. ಆಮೇಲೆ ಮೇಡಂ ಗುಡ್ಡ ಹ್ಯಾಗೆ ಹತ್ತುತಾರೆ?”

ಅದಕ್ಕೇ ಈ ವಾರ ಸರ್ಕಾರವನ್ನು ಬಿಟ್ಟು ನಿಮ್ಮನ್ನು ಹಿಡಿದಿದ್ದೇನೆ. ಹೌದು, ಒಳಕ್ಕೋ ಹೊರಕ್ಕೋ ಎಂದು ಕೇಳದೆ ಗುಂಡಿ ಎಳೆದ ಪೆದ್ದ ನಾನು. ಆದರೆ ಅಂದು ಸಾಲಿನಲ್ಲಿ ನಿಂತಿದ್ದ ಜಾಣರೇ, ನೀವು ಮಾಡಿದ್ದೇನು? ಅವಳು ಕಾಗದ ಚಾಚಿದಾಗ ಒಬ್ಬರಾದರೂ ಒಂದು ತೊಟ್ಟು ಹಾಕಿ ನೋಡಿದಿರಾ? ಜೋರಾಗಿ ಕೂಗುವವನನ್ನು ನಂಬಿ ಗಾಡಿ ತಿರುಗಿಸಿದಿರಿ! ಅಂದು ಅಷ್ಟು ಸಲೀಸಾಗಿ ತಿರುಗಿತಲ್ಲ ಆ ಹ್ಯಾಂಡಲ್, ಅದನ್ನೇ ಈಗ ಇನ್ನೊಂದು ಸಲ ತಿರುಗಿಸಿ. ಪತ್ರಿಕೆ ಮಡಚಿಡಿ, ಎದ್ದೇಳಿ, ಗುಡ್ಡದ ಬುಡದ ಬಂಕಿಗೆ ಹೋಗಿ, ಟ್ಯಾಂಕ್ ತುಂಬಿಸಿ. ಇವತ್ತೇ!